ಗರಾಜ್ ಬಾಗಿಲನ್ನು ಎತ್ತುವುದು ಮೋಟರ್ ಅಲ್ಲ, ಸ್ಪ್ರಿಂಗು

ಚಿಕ್ಕಪೇಟೆಯಲ್ಲಿ ಬೆಳಗ್ಗೆ ಅಂಗಡಿಯವರು ಬೀಗ ತೆಗೆದು ಒಂದು ಕೈ ಕೊಟ್ಟರೆ ಸಾಕು, ಅಷ್ಟು ಭಾರದ ಶಟರ್ ಗಡಗಡನೆ ಮೇಲೇರುತ್ತದೆ. ಆ ಬಲ ಕೈಯದಲ್ಲ, ಮೇಲಿನ ಪೈಪಿನಲ್ಲಿರುವ ಸ್ಪ್ರಿಂಗಿನದು. ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡು ಗರಾಜ್ ಓಪನರ್ (ಬಾಗಿಲನ್ನು ತೆರೆದು ಮುಚ್ಚುವ ಮೋಟರ್) ಹುಡುಕುವ ಕನ್ನಡಿಗರು ಈ ಶಟರನ್ನು ನೆನಪಿಸಿಕೊಳ್ಳಬೇಕು. ಆದರೆ ನಮಗೆ ನೆನಪಾಗುವುದು ಬೆಂಗಳೂರಿನ ಮನೆಯ ಸ್ಲೈಡಿಂಗ್ ಗೇಟು. ಅಲ್ಲಿ ಗೇಟಿನ ತೂಕ ನೋಡಿ 500 ಕೆಜಿಯದೋ 800 ಕೆಜಿಯದೋ ಮೋಟರ್ ತರುತ್ತೇವೆ. ಅದೇ ಲೆಕ್ಕದಲ್ಲಿ ಇಲ್ಲೂ ‘ಬಾಗಿಲು ಭಾರ ಇದೆ, ಹಾರ್ಸ್‌ಪವರ್ ಜಾಸ್ತಿ ಇರಲಿ’ ಅಂದುಕೊಳ್ಳುತ್ತೇವೆ. ಎಡವುವುದೇ ಅಲ್ಲಿ.

ಎರಡು ಕಾರಿನ, 16 ಅಡಿ ಅಗಲದ ಬಾಗಿಲು ಸಾಮಾನ್ಯವಾಗಿ 70ರಿಂದ 100 ಕೆಜಿ ತೂಗುತ್ತದೆ. ಸ್ಪ್ರಿಂಗ್ ಸರಿಯಿದ್ದರೆ ಅದನ್ನು ಐದಾರು ಕೆಜಿ ಬಲದಲ್ಲಿ ಎತ್ತಬಹುದು. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಬಾಗಿಲನ್ನೇ ಪರೀಕ್ಷೆ ಮಾಡಿ. ಬಾಗಿಲು ಮುಚ್ಚಿರುವಾಗ ಓಪನರಿನಿಂದ ನೇತಾಡುವ ಕೆಂಪು ಹಗ್ಗ ಎಳೆದು ಓಪನರ್‌ನಿಂದ ಬಿಡಿಸಿ, ಕೈಯಿಂದ ಮೂರೂವರೆ ಅಡಿ ಎತ್ತಿ, ನಿಧಾನವಾಗಿ ಕೈ ಸಡಿಲಿಸಿ. ಇದ್ದಲ್ಲೇ ನಿಂತರೆ ಸರಿ. ಕೆಳಗೆ ಜಾರಿದರೆ ಸ್ಪ್ರಿಂಗ್ ಸೋತಿದೆ, ತಾನಾಗಿ ಮೇಲೆ ಹೋದರೆ ಬಿಗಿ ಹೆಚ್ಚಾಗಿದೆ. ಮಾಮೂಲಿ ಸ್ಪ್ರಿಂಗಿನ ಆಯಸ್ಸು ಸುಮಾರು 10,000 ಸಲ ತೆರೆದು ಮುಚ್ಚುವಷ್ಟು, ದಿನಕ್ಕೆ ನಾಲ್ಕು ಸಲ ಅಂದರೆ ಏಳು ವರ್ಷ. ತುಂಡಾದ ಸ್ಪ್ರಿಂಗ್ ಕಣ್ಣಿಗೇ ಕಾಣುತ್ತದೆ, ಸುರುಳಿಯ ನಡುವೆ ಎರಡು ಬೆರಳು ಹಿಡಿಸುವಷ್ಟು ಸಂದು ಬಿಟ್ಟಿರುತ್ತದೆ. ಆಗ ಬಾಗಿಲು ಮೇಲಿದ್ದರೆ ಕೆಂಪು ಹಗ್ಗ ಮುಟ್ಟಲೇಬೇಡಿ, ಇಡೀ ತೂಕ ಒಮ್ಮೆಲೇ ಕೆಳಗೆ ಬೀಳುತ್ತದೆ. ಸ್ಪ್ರಿಂಗ್ ಬಿಗಿ ಮಾಡುವುದು, ಬದಲಿಸುವುದು ಕಸುಬುದಾರರ ಕೆಲಸ.

ಸೋತ ಸ್ಪ್ರಿಂಗಿನ ಬಾಗಿಲಿಗೆ ದೊಡ್ಡ ಮೋಟರ್ ಕಟ್ಟಿದರೆ ಕೆಲವು ತಿಂಗಳು ನಡೆದೀತು. ಆಮೇಲೆ ಚೈನ್ ಓಪನರ್ ಡಬ್ಬಿಯ ಕೆಳಗೆ ಬಿಳಿ ಪುಡಿ ಉದುರಲು ಶುರುವಾಗುತ್ತದೆ. ಅದು ಒಳಗಿನ ನೈಲಾನ್ ಗೇರಿನ ಹಲ್ಲು ಸವೆದ ಪುಡಿ. ಗೇರ್ ಮಾತ್ರ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಬಾಗಿಲು ಸಮತೂಕದಲ್ಲಿದ್ದರೆ ಸಾಧಾರಣ ಸ್ಟೀಲ್ ಬಾಗಿಲಿಗೆ ಅರ್ಧ ಹಾರ್ಸ್‌ಪವರ್ ಸಾಕು. ಮರದ ದಪ್ಪ ಬಾಗಿಲಿಗೆ ಮುಕ್ಕಾಲು ಇರಲಿ. ಗರಾಜಿನ ಮೇಲೆ ಮಲಗುವ ಕೋಣೆ ಇದ್ದರೆ ಚೈನಿನಿಂದ ಎಳೆಯುವ ಓಪನರ್ ಬೇಡ, ಬೆಲ್ಟಿನದು ತೆಗೆದುಕೊಳ್ಳಿ. ಚೈನಿನ ಸದ್ದು ತೊಲೆಗಳ ಮೂಲಕ ಹಾಸಿಗೆಯವರೆಗೂ ಬರುತ್ತದೆ. ಗೋಡೆಗೆ ಕೂರಿಸುವ ಓಪನರ್ ಮೇಲಿನ ಜಾಗವನ್ನೆಲ್ಲ ಬಿಟ್ಟುಕೊಡುತ್ತದೆ, ಆದರೆ ಅದಕ್ಕೆ ಬಾಗಿಲಿನ ಮೇಲೆ ಟಾರ್ಷನ್ (ತಿರುಚಿ ಬಲ ಕೊಡುವ) ಸ್ಪ್ರಿಂಗಿನ ದಂಡ ಇರಲೇಬೇಕು, ಪಕ್ಕದಲ್ಲಿ ಜಾಗವೂ ಬೇಕು. ಚೈನ್ ಅಥವಾ ಬೆಲ್ಟ್ ಓಪನರಿನ ಪೆಟ್ಟಿಗೆಯಲ್ಲಿ ಬರುವ ಹಳಿ ಸಾಮಾನ್ಯವಾಗಿ 7 ಅಡಿ ಎತ್ತರದ ಬಾಗಿಲಿನದು. ನಿಮ್ಮದು 8 ಅಡಿಯಾದರೆ ಹಳಿಗೆ ಜೋಡಿಸುವ ತುಂಡನ್ನೂ ಜೊತೆಗೇ ಕೊಳ್ಳಿ. ತೆಳು ತಗಡಿನ ಬಾಗಿಲಾದರೆ ಮೇಲಿನ ಹಲಗೆಗೆ ಅಡ್ಡ ಪಟ್ಟಿ ಕೊಡಿಸದೆ ಓಪನರಿನ ತೋಳು ಕೂರಿಸಬೇಡಿ. ಕೂರಿಸಿದರೆ ತಗಡು ಬಗ್ಗಿ ಹರಿಯುತ್ತದೆ.

ಬ್ಯಾಟರಿ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಆಯ್ಕೆಗೆ ಬಿಟ್ಟಿಲ್ಲ. 2017ರ ಕಾಡ್ಗಿಚ್ಚಿನಲ್ಲಿ ಕರೆಂಟ್ ಹೋಗಿ, ಗರಾಜ್ ಬಾಗಿಲು ತೆರೆಯಲಾಗದೆ ಕೆಲವರು ಪ್ರಾಣ ಕಳೆದುಕೊಂಡರು. 2019ರ ಜುಲೈ 1ರಿಂದ ಅಲ್ಲಿ ಮಾರುವ ಮನೆಬಳಕೆಯ ಹೊಸ ಓಪನರ್‌ಗಳಿಗೆ ಬ್ಯಾಟರಿ ಕಡ್ಡಾಯ. ಆದರೂ ಊರಿನಿಂದ ಬಂದು ಆರು ತಿಂಗಳು ಇರುವ ಅಪ್ಪ ಅಮ್ಮನಿಗೆ ಕೆಂಪು ಹಗ್ಗ ತೋರಿಸಿ, ಅವರ ಕೈಯಲ್ಲೇ ಒಮ್ಮೆ ಎಳೆಸಿ ನೋಡಿ. ಅವರ ಕೈಗೆ ಎಟುಕದಿದ್ದರೆ ಹಗ್ಗ ಉದ್ದ ಮಾಡಿ.

ಬೆಂಗಳೂರಿನ ನಾವು ಅಲ್ಲಿಂದ ಕಲಿಯಬೇಕಾದದ್ದು ಸೆನ್ಸರ್ ಶಿಸ್ತು. ಅಮೆರಿಕದಲ್ಲಿ 1993ರಿಂದ ತಯಾರಾದ ಮನೆಬಳಕೆಯ ಓಪನರ್‌ಗಳಲ್ಲಿ ಬಾಗಿಲ ಕೆಳಗೆ ಯಾರಾದರೂ ಸಿಕ್ಕಿಕೊಳ್ಳದಂತೆ ತಡೆಯುವ ಏರ್ಪಾಡು ಇರಲೇಬೇಕು. ಅದಕ್ಕೇ ಬಾಗಿಲ ಎರಡು ಬದಿಯಲ್ಲಿ, ನೆಲದಿಂದ 6 ಇಂಚಿಗಿಂತ ಮೇಲಕ್ಕೆ ಹೋಗದಂತೆ, ಫೋಟೋ ಸೆನ್ಸರ್ (ನಡುವೆ ಏನಾದರೂ ಅಡ್ಡ ಬಂದರೆ ಬೆಳಕಿನ ಕಿರಣದಿಂದ ಗುರುತಿಸುವ ಕಣ್ಣು) ಕೂರಿಸುತ್ತಾರೆ. ಅಂಬೆಗಾಲಿಡುವ ಮಗುವೂ ಅದಕ್ಕೆ ಕಾಣಬೇಕು. ಇದರ ಜೊತೆ ತಿಂಗಳಿಗೊಮ್ಮೆ ಒಂದೂವರೆ ಇಂಚು ದಪ್ಪದ ಮರದ ತುಂಡನ್ನು ನೆಲದ ಮೇಲೆ ಅಡ್ಡಡ್ಡ ಮಲಗಿಸಿ ಬಾಗಿಲು ಇಳಿಸಿ. ತಾಗಿದ ಎರಡು ಸೆಕೆಂಡಿನೊಳಗೆ ಅದು ವಾಪಸ್ ಮೇಲೆ ಹೋಗಬೇಕು. ಸಂಜೆ ಹೊತ್ತು ಮಾತ್ರ ಬಾಗಿಲು ಮುಚ್ಚುತ್ತಿಲ್ಲವೆಂದರೆ ಇಳಿಬಿಸಿಲು ಸೆನ್ಸರಿನ ಕಣ್ಣಿಗೆ ಬೀಳುತ್ತಿರಬಹುದು; ಎರಡನ್ನೂ ಅದಲುಬದಲು ಮಾಡಿ, ಇಲ್ಲವೇ ಸಣ್ಣ ನೆರಳು ಕೊಡಿ. ಹತ್ತಿರ ಬಂದರಷ್ಟೇ ರಿಮೋಟ್ ಕೆಲಸ ಮಾಡುತ್ತಿದ್ದರೆ ಓಪನರಿಗೆ ಹಾಕಿದ ಎಲ್‌ಇಡಿ ಬಲ್ಬ್ ತೆಗೆದು ನೋಡಿ. ಕೆಲವು ಬಲ್ಬ್‌ಗಳ ರೇಡಿಯೋ ಗದ್ದಲ ರಿಮೋಟಿನ ಸಿಗ್ನಲ್ಲನ್ನು ನುಂಗುತ್ತದೆ.

ಬೆಂಗಳೂರಿನ ಸ್ಲೈಡಿಂಗ್ ಗೇಟಿಗೂ ಫೋಟೋ ಸೆನ್ಸರ್ ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ಅದು ‘ಬೇಕಾದರೆ ಆಮೇಲೆ ಹಾಕೋಣ’ ಎಂಬ ಪಟ್ಟಿಗೆ ಸೇರಿಬಿಡುತ್ತದೆ. ಇನ್ನೂರು ಮುನ್ನೂರು ಕೆಜಿಯ ಕಬ್ಬಿಣ ಮಕ್ಕಳು ಆಡುವ ಜಾಗದಲ್ಲಿ ತಾನಾಗಿ ಚಲಿಸುವಾಗ ಈ ಉಳಿತಾಯವನ್ನು ಒಪ್ಪಲಾಗದು. ಮೋಟರ್ ಕೂರಿಸುವ ದಿನವೇ ಸೆನ್ಸರ್ ಹಾಕಿಸಿ. ಗೇಟಿಗೆ ಕೂರಿಸಿದ ಹಲ್ಲಿನ ಪಟ್ಟಿಗೂ (ರಾಕ್) ಅದನ್ನು ತಳ್ಳುವ ಮೋಟರಿನ ಹಲ್ಲಿನ ಚಕ್ರಕ್ಕೂ (ಪಿನಿಯನ್) ನಡುವೆ ಒಂದರಿಂದ ಎರಡು ಮಿಲಿಮೀಟರ್ ಸಂದು ಬಿಟ್ಟಿದ್ದಾರೆಯೇ ಎಂದು ಗೇಟಿನ ಉದ್ದಕ್ಕೂ ನೋಡಿ, ಇಲ್ಲವಾದರೆ ಗೇಟಿನ ಭಾರ ಮೋಟರಿನ ಮೇಲೆ ಕೂರುತ್ತದೆ. ಕರೆಂಟ್ ಹೋದಾಗ ಮೋಟರ್ ಬಿಡಿಸುವ ಕೀಲಿಯನ್ನು ಬೀರುವಿನೊಳಗೆ ಇಡಬೇಡಿ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ.