ದೇವರಿರುವುದು ಸ್ಟಂಪಿನಲ್ಲಲ್ಲ, ನೆಲ ಮುಟ್ಟುವ ಕೈಯಲ್ಲಿ

ಮೂರು ಸ್ಟಂಪು ಅಂದರೆ ತ್ರಿಮೂರ್ತಿಗಳು, ಹನ್ನೊಂದು ಆಟಗಾರರು ಅಂದರೆ ಏಕಾದಶ ರುದ್ರರು, ಕಬಡ್ಡಿಯ ಏಳು ಜನ ಅಂದರೆ ಸಪ್ತರ್ಷಿಗಳು. ಇಂಥ ಮೆಸೇಜುಗಳು ಶಿರಸಿಯ ನಮ್ಮ ಗ್ರೂಪುಗಳಿಗೆ ಆಗಾಗ ಬರುತ್ತವೆ. ಕಳಿಸುವವರು ಒಳ್ಳೆಯ ಮನಸ್ಸಿನವರೇ. ಆದರೂ ನನಗೆ ಇದು ಒಪ್ಪಿಗೆಯಿಲ್ಲ. ನಮ್ಮದು ಮಾರಿಕಾಂಬೆಗೆ ಉಡಿ ತುಂಬಿಸುವ ಮನೆ. ಭಕ್ತಿ ಇರುವುದಕ್ಕೇ ಹೇಳುತ್ತಿದ್ದೇನೆ.

ಕ್ರಿಕೆಟ್‌ನಲ್ಲಿ ಮೊದಲು ಇದ್ದದ್ದು ಎರಡೇ ಸ್ಟಂಪು. 1775ರಲ್ಲಿ ಇಂಗ್ಲೆಂಡಿನ ಒಂದು ಪಂದ್ಯದಲ್ಲಿ ಲಂಪಿ ಸ್ಟೀವನ್ಸ್ ಹಾಕಿದ ಚೆಂಡು ಮೂರು ಸಲ ಆ ಎರಡರ ನಡುವೆ ತೂರಿ ಹೋಯಿತು. ಬ್ಯಾಟ್ಸ್‌ಮನ್ ಔಟಾಗಲಿಲ್ಲ. ಬೌಲರ್‌ಗೆ ಅನ್ಯಾಯವಾಯಿತು ಅಂತ ಆಮೇಲೆ ಮಧ್ಯೆ ಇನ್ನೊಂದು ನೆಟ್ಟರು. ಇದಕ್ಕೆ ಬ್ರಹ್ಮ ವಿಷ್ಣು ಮಹೇಶ್ವರರನ್ನು ಎಳೆದು ತಂದರೆ ದೇವರ ಗೌರವ ಜಾಸ್ತಿ ಆಗುತ್ತದಾ? ನಾಳೆ ನಮ್ಮ ಮಕ್ಕಳು ಇದನ್ನು ಓದಿ ತಿಳಿದುಕೊಂಡರೆ, ಹಿರಿಯರು ಹೇಳಿದ್ದೆಲ್ಲ ಹೀಗೇ ಇರಬೇಕು ಅಂದುಕೊಳ್ಳುತ್ತಾರೆ. ನನ್ನ ಭಯ ಅದು.

ನೋಡಬೇಕಾದ್ದು ಆಟಗಾರನ ಕೈಯನ್ನು. ಗದ್ದೆ ಕೊಯ್ಲು ಮುಗಿದ ಮೇಲೆ ಅಂಕೋಲಾ, ಕುಮಟಾ ಕಡೆ ಹೊನಲು ಬೆಳಕಿನ ಕಬಡ್ಡಿ ನಡೆಯುತ್ತದಲ್ಲ, ಅಲ್ಲಿ ಗೆರೆಯ ಹತ್ತಿರವೇ ನಿಂತುಕೊಳ್ಳಿ. ರೈಡರ್ ಬಗ್ಗುತ್ತಾನೆ. ಬೆರಳ ತುದಿ ನಡುಗೆರೆಗೆ ತಾಗುತ್ತದೆ, ಅಲ್ಲಿಂದ ಹಣೆಗೆ, ಎದೆಗೆ. ಆಮೇಲೆ ಉಸಿರು ಕಟ್ಟಿ ಒಳಗೆ ನುಗ್ಗುತ್ತಾನೆ. ಗದ್ದೆ ಮಣ್ಣಿಗೆ ಹೀಗೆ ನಮಸ್ಕಾರ ಮಾಡುವುದು ಸಹಜ ಅನ್ನಿ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯಲ್ಲಿ ಮಣ್ಣೇ ಇಲ್ಲ, ಇರುವುದು ಮ್ಯಾಟ್. ಅದನ್ನೂ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ! ಹಳಿಯಾಳದ ಕುಸ್ತಿ ಹುಡುಗರೂ ಅಷ್ಟೇ. ಗರಡಿಯಲ್ಲಿ ಮಾರುತಿಗೆ ಕೈ ಮುಗಿದು ಕೆಂಪು ಮಣ್ಣು ಹಚ್ಚಿಕೊಂಡವರು ಮ್ಯಾಟ್ ಮೇಲೂ ಆ ರೂಢಿ ಬಿಡುವುದಿಲ್ಲ. ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಗಣಪತಿ ಪೂಜೆ ಆಗದೆ ನಮ್ಮ ಯಕ್ಷಗಾನದವರು ರಂಗಸ್ಥಳಕ್ಕೆ ಹೋಗುವುದಿಲ್ಲ ಅಲ್ವಾ, ಇದೂ ಹಾಗೆಯೇ. ಅನ್ನ ಕೊಡುವ ಜಾಗ ಮೊದಲು, ನಾನು ಆಮೇಲೆ. 2013ರ ನವೆಂಬರ್‌ನಲ್ಲಿ ವಾಂಖೆಡೆಯಲ್ಲಿ ಕೊನೆಯ ಟೆಸ್ಟ್ ಮುಗಿಸಿದ ಸಚಿನ್ ಪಿಚ್ ತನಕ ನಡೆದು ಹೋಗಿ, ಬಗ್ಗಿ ಮುಟ್ಟಿ ಹಣೆಗೆ ಒತ್ತಿಕೊಂಡರು. ಟಿವಿ ಮುಂದೆ ಕೂತ ನಮಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಇದನ್ನು ಹಿಂದೂ ಭಾವ ಅಂತ ಕರೆಯಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಆದರೆ ಪುಣ್ಯವೆಲ್ಲ ನಮ್ಮದೇ ಅನ್ನುವ ಹಟ ಬೇಡ. ನಮ್ಮ ಜಿಲ್ಲೆಯ ತಂಡಗಳಲ್ಲಿ ಮುಸ್ಲಿಂ, ಕ್ರಿಶ್ಚಿಯನ್ ಹುಡುಗರಿದ್ದಾರೆ, ಯಲ್ಲಾಪುರದ ಸಿದ್ದಿಗಳಿದ್ದಾರೆ. ಒಬ್ಬ ನೆಲ ಮುಟ್ಟುತ್ತಾನೆ, ಇನ್ನೊಬ್ಬ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾನೆ. ಆಮೇಲೆ ರೈಡರ್‌ನನ್ನು ಹಿಡಿಯಲು ಕೈಗೆ ಕೈ ಕೊಟ್ಟು ಚೈನ್ ಕಟ್ಟುತ್ತಾರೆ.

ದಕ್ಷಿಣ ಆಫ್ರಿಕಾದ ಕೇಶವ್ ಮಹಾರಾಜ್ ಬ್ಯಾಟಿಂಗ್‌ಗೆ ಬಂದರೆ ಮೈದಾನದಲ್ಲಿ ರಾಮನ ಭಜನೆ ಹಾಕುತ್ತಾರೆ. 2024ರ ಜನವರಿಯಲ್ಲಿ ಕೇಪ್‌ಟೌನ್ ಟೆಸ್ಟಿನಲ್ಲಿ ಅದು ಕೇಳುತ್ತಿದ್ದಂತೆ ಎದುರಾಳಿ ಕೊಹ್ಲಿ ಕೈ ಮುಗಿದು, ಬಿಲ್ಲು ಎಳೆದಂತೆ ಮಾಡಿದರು. ಎಷ್ಟು ಚೆಂದ ಇತ್ತು! ಅದಕ್ಕೆ ಮೂರು ತಿಂಗಳ ಹಿಂದೆ, ವಿಶ್ವಕಪ್‌ನಲ್ಲಿ, ಅಹಮದಾಬಾದಿನಲ್ಲಿ ಔಟಾಗಿ ಹೋಗುತ್ತಿದ್ದ ಪಾಕಿಸ್ತಾನದ ರಿಜ್ವಾನ್ ಕಡೆಗೆ ಜನ ಅದೇ ರಾಮನ ಹೆಸರು ಕೂಗಿದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಕೈ ಮುಗಿಯಬೇಕಾದ ಹೆಸರನ್ನು ಕಲ್ಲಿನ ಹಾಗೆ ಬೀಸಿದರು.

ಈ ಸಲ ನಮ್ಮ ಕಡೆ ಪಂದ್ಯಾವಳಿ ನಡೆಸುವವರಲ್ಲಿ, ಮೈಕ್ ಹಿಡಿಯುವವರಲ್ಲಿ ಒಂದೇ ವಿನಂತಿ. ಅಂಕಣಕ್ಕೆ ಪೂಜೆ ಮಾಡಿ, ಕಾಯಿ ಒಡೆಯಿರಿ. ಎದುರು ತಂಡದ ರೈಡರ್ ಸಿಕ್ಕಿಬಿದ್ದಾಗ ಮಾತ್ರ ಜನರಿಂದ ದೇವರ ಹೆಸರು ಕೂಗಿಸಬೇಡಿ. ಹಿಡಿದವನ ಹೆಸರು ಹೇಳಿ, ಚಪ್ಪಾಳೆ ಹೊಡೆಸಿ, ಸಾಕು.