ಸ್ವಲ್ಪ ಜುಮ್ ಅಂತೈತಿ, ಅಷ್ಟೇ

ರಾಯಚೂರಿನ ಮೇ ತಿಂಗಳಲ್ಲಿ ತಗಡಿನ ಕೂಲರ್ ಗಾಳಿಯನ್ನೂ ಕೊಡುತ್ತದೆ, ಶಾಕನ್ನೂ ಕೊಡುತ್ತದೆ. ನಮ್ಮ ಮನೆಯವರು ಎರಡಕ್ಕೂ ಒಗ್ಗಿಬಿಟ್ಟಿದ್ದರು. ನೆಂಟರಿಗೆ ಮಾತ್ರ, "ಮುಟ್ಟಬ್ಯಾಡ್ರಿ, ಸ್ವಲ್ಪ ಜುಮ್ ಅಂತೈತಿ" ಅಂತ ಮೊದಲೇ ಹೇಳುತ್ತಿದ್ದೆವು.

ಎರೆ ನೆಲ ಬಿಸಿಲಿಗೆ ಬಿರುಕು ಬಿಟ್ಟರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಪೈಪಿಗೆ ಮಣ್ಣಿನ ಹಿಡಿತ ತಪ್ಪುತ್ತದೆ. ಅಪ್ಪ ಆ ಪೈಪ್ ಹೂತ ಗುಂಡಿಗೆ ನೀರು ಸುರಿಸಿದರು. ಪಕ್ಕದ ಮನೆಯವರು ಉಪ್ಪು ಹಾಕಿ ಅಂದರು. ಅವತ್ತು ಸಾರಿಗಿಂತ ಗುಂಡಿಗೇ ಉಪ್ಪು ಜಾಸ್ತಿ ಬಿತ್ತು. ಕೂಲರ್ ಮಾತ್ರ ಜುಮ್ ಅನ್ನುತ್ತಲೇ ಇತ್ತು.

ವೈರಿಂಗ್ ಕೆಲಸ ಮಾಡುವ ಅಳಿಯ ಅರ್ಥಿಂಗ್ ಸುತ್ತಿನ ತಡೆ ಅಳೆಯುವ ಲೂಪ್ ಟೆಸ್ಟರ್ ತಂದು ಸಾಕೆಟ್ಟಿಗೆ ಚುಚ್ಚಿದ. 46 ಓಮ್ ಬಂತು.

"ಸುಮಾರು 50, ಪಾಸ್ ಅಲ್ವಾ?" ಅಂದರು ಅಪ್ಪ. ಮೇಷ್ಟ್ರಾಗಿದ್ದವರು.

ಇಲ್ಲಿ ಕಡಿಮೆ ಬಂದವರೇ ಜಾಣರು. ಫೇಸ್ ವೈರು ಕೂಲರಿನ ಮೈಗೆ ತಾಗಿದರೆ ಕರೆಂಟು ಅರ್ಥ್ ವೈರು ಹಿಡಿದು ಗುಂಡಿಗಿಳಿದು, ಮಣ್ಣೊಳಗಿಂದ ಟ್ರಾನ್ಸ್‌ಫಾರ್ಮರಿಗೆ ವಾಪಸ್ ಹೋಗಬೇಕು. ಆ ಇಡೀ ಸುತ್ತಿನ ತಡೆ 46 ಓಮ್. 230 ವೋಲ್ಟನ್ನು ಅದರಿಂದ ಭಾಗಿಸಿದರೆ 5 ಆಂಪಿಯರ್. ನಮ್ಮದು 16 ಆಂಪಿಯರಿನ ಸಿ ಮಾದರಿಯ ಎಂಸಿಬಿ, ಅಂದರೆ ಕರೆಂಟು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು. ತಕ್ಷಣ ಬೀಳಲೇಬೇಕು ಅಂದರೆ ಅದಕ್ಕೆ 160 ಆಂಪಿಯರ್ ಹರಿಯಬೇಕು, ಅಂದರೆ ತಡೆ 1.44 ಓಮ್ ದಾಟಬಾರದು. 5 ಆಂಪಿಯರ್ ಕಂಡರೆ ಅದು, ಯಾರೋ ಇಸ್ತ್ರಿ ಮಾಡ್ತಿದ್ದಾರೆ ಅಂದುಕೊಂಡು ಸುಮ್ನೆ ಕೂರುತ್ತದೆ. ಇಂಥದ್ದನ್ನು ನಂಬಿ ನಾವು ವರ್ಷಗಟ್ಟಲೆ ನಿದ್ದೆ ಮಾಡಿದ್ದೆವು.

ಅಳಿಯ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿದ. ಕರೆಂಟು ಅಷ್ಟು ಸೋರಿದರೂ ಸಾಕು, ಬೀಳುವ ಸ್ವಿಚ್ಚು ಅದು. ಇನ್ನೊಮ್ಮೆ ಅಳೆಯುತ್ತೇನೆ ಅಂತ ಅದೇ ಟೆಸ್ಟರಿನ ಬಟನ್ ಒತ್ತಿದ. ಆ ಟೆಸ್ಟು ಅರ್ಥಿಗೆ ಆಂಪಿಯರುಗಟ್ಟಲೆ ಕರೆಂಟು ಹರಿಸುತ್ತದೆ. ಆರ್‌ಸಿಸಿಬಿ ಬಿಡುತ್ತದಾ? ಟಪ್! ಧಾರಾವಾಹಿಯಲ್ಲಿ ಸೊಸೆ ಬಾಗಿಲು ತೆಗೆಯುವ ಹೊತ್ತಿಗೇ ಮನೆಯೆಲ್ಲ ಕತ್ತಲು. ಒಳಗಿಂದ ಅಮ್ಮನ ದನಿ ಬಂತು. ಅದನ್ನಿಲ್ಲಿ ಬರೆಯುವಂತಿಲ್ಲ. ಆರ್‌ಸಿಸಿಬಿ ಬೀಳದ ಹಾಗೆ ಸಣ್ಣ ಕರೆಂಟಿನಲ್ಲಿ ನಿಧಾನವಾಗಿ ಅಳೆಯುವ ಮೋಡೂ ಆ ಟೆಸ್ಟರಿನಲ್ಲಿತ್ತಂತೆ.

ಆಮೇಲೆ ಕೂಲರ್ ಹಾಕಿದಾಗಲೆಲ್ಲ ಟಪ್. ಪಂಪಿನ ವೈರು ನೀರಲ್ಲಿ ನೆನೆದು ಕರೆಂಟು ಸೋರುತ್ತಿದೆ, ಪಂಪ್ ಬದಲಿಸಿ ಅಂದ ಅಳಿಯ.

ಅಮ್ಮ ಒಪ್ಪಲಿಲ್ಲ. "ಪಂಪ್ ಚೊಲೋ ಐತಿ. ನೀ ಹಾಕಿದ್ದು ಕಿತ್ತು ಒಯ್ಯಿ. ಮೊದಲು ಬರೀ ಜುಮ್ ಅಂತಿತ್ತು, ಗಾಳಿಯಾದ್ರೂ ಬರ್ತಿತ್ತು."