ಖಾಲಿ ಜಾಗಕ್ಕೊಂದು ಅಲಂಕಾರ ಸಮಿತಿ

ಬಾಹ್ಯಾಕಾಶದಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಗಾಳಿ ಇಲ್ಲ, ಸದ್ದಿಲ್ಲ, ಮೇಲೆ ಕೆಳಗೆ ಅನ್ನುವುದೂ ಇಲ್ಲ. ಹಾಗಾಗಿ ಬಾಹ್ಯಾಕಾಶದ ಥೀಮ್ ಇಟ್ಟುಕೊಂಡು ಫ್ಯಾನ್ಸಿ ಡ್ರೆಸ್ ಪಾರ್ಟಿ ಮಾಡುವವರಿಗೆ ನ್ಯಾಯವಾಗಿ ಇರುವುದು ಎರಡೇ ಕೆಲಸ. ಒಂದು ಹಾಲ್ ಹಿಡಿಯುವುದು, ಅದರ ದೀಪ ಆರಿಸುವುದು. ಆದರೆ ಅಷ್ಟಕ್ಕೂ ಒಂದು ಸಮಿತಿ ಬೇಕಲ್ಲ. ಖಾಲಿ ಜಾಗ ಕಂಡರೆ ಸಮಿತಿಯ ಕೈ ಸುಮ್ಮನಿರುವುದಿಲ್ಲ.

ಸಮಿತಿಯ ಕೆಳಗೆ ಉಪಸಮಿತಿಗಳು. ಅಲಂಕಾರಕ್ಕೊಂದು, ವೇಷಕ್ಕೊಂದು, ಹಾಡಿಗೊಂದು, ಫೋಟೋಗೊಂದು. ಇವು ನಾಲ್ಕೂ ಜಗಳವಾಡದಂತೆ ನೋಡಿಕೊಳ್ಳಲು ಇನ್ನೊಂದು. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ನೆಲ ಬಿಟ್ಟು, ಭೂಮಿಗೆ ಒಂದು ಸುತ್ತು ಹಾಕಿ, ಮತ್ತೆ ನೆಲ ಮುಟ್ಟಿದ್ದು 108 ನಿಮಿಷದಲ್ಲಿ. ಅಷ್ಟು ಹೊತ್ತಾದರೂ ಅಲಂಕಾರ ಉಪಸಮಿತಿ ಹಿಂದಿನ ಪರದೆ ಕಪ್ಪಿರಬೇಕೋ ಕಡುನೀಲಿ ಇರಬೇಕೋ ಎಂಬಲ್ಲೇ ಇರುತ್ತದೆ. ಕೊನೆಗೆ ನೇರಳೆ ಬಣ್ಣ ಗೆಲ್ಲುತ್ತದೆ. ಫೋಟೋದಲ್ಲಿ ಚೆನ್ನಾಗಿ ಬರುತ್ತೆ ಅಂತ.

ಪ್ರತಿ ಸಮಿತಿಯಲ್ಲೂ ಒಬ್ಬರು ವಿಜ್ಞಾನ ಓದಿಕೊಂಡವರು ಇರುತ್ತಾರೆ. ಪಾಪ, ಅವರ ಪಾಡು ಹೇಳತೀರದು. ಅವರು ಎದ್ದು ನಿಂತು, ಗ್ರಹಗಳನ್ನು ತೂಗುಹಾಕುವುದಾದರೆ ಅಳತೆ ಸರಿಯಾಗಿರಲಿ ಅನ್ನುತ್ತಾರೆ. "ಅದಕ್ಕೇನು ಸರ್, ಮಾಡೋಣ" ಅನ್ನುತ್ತಾರೆ ಅಧ್ಯಕ್ಷರು. ಆಗ ಲೆಕ್ಕ ಶುರುವಾಗುತ್ತದೆ. ಸೂರ್ಯ ಒಂದು ಫುಟ್ಬಾಲ್ ಅಂದುಕೊಳ್ಳಿ, ಸುಮಾರು 22 ಸೆಂಟಿಮೀಟರ್. ಆಗ ಭೂಮಿ 2 ಮಿಲಿಮೀಟರಿನ ಒಂದು ಮಣಿ. ಅದನ್ನು ಕಟ್ಟಬೇಕಾದದ್ದು ಫುಟ್ಬಾಲಿನಿಂದ 24 ಮೀಟರ್ ದೂರದಲ್ಲಿ. ಗ್ರಹಗಳಲ್ಲೆಲ್ಲ ದೊಡ್ಡಣ್ಣನಾದ ಗುರು 2 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, 120 ಮೀಟರ್ ಆಚೆ. ಅಲ್ಲಿಗೆ ಹಾಲ್ ಮುಗಿದು ರಸ್ತೆ ಬಂತು. ನೆಪ್ಚೂನ್ 700 ಮೀಟರ್ ದೂರ, ಯಾರದೋ ಮನೆಯ ಮಾಡಿನ ಮೇಲೆ. ಸೂರ್ಯನನ್ನು ಬಿಟ್ಟರೆ ನಮಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ. ಅದನ್ನು ಕಟ್ಟಲು 6,000 ಕಿಲೋಮೀಟರಿಗೂ ಆಚೆ ಏಣಿ ಹಾಕಬೇಕು. "ಅಷ್ಟು ದಾರ ಎಲ್ಲಿ ಸಿಗುತ್ತೆ ಸರ್?" ಅಂತ ಯಾರೋ ಕೇಳುತ್ತಾರೆ. ನಗುವಿನಲ್ಲಿ ಸಭೆ ಮುಗಿಯುತ್ತದೆ. ವಿಜ್ಞಾನ ಓದಿದವರನ್ನು ಬಲೂನು ಊದಲು ಹಾಕುತ್ತಾರೆ.

ಹಾಗಾಗಿ ಪಾರ್ಟಿಯ ದಿನ ಎಂಟೂ ಗ್ರಹಗಳು ಒಂದೇ ದಾರದಲ್ಲಿ, ಒಂದರ ಪಕ್ಕ ಒಂದು, ಭುಜಕ್ಕೆ ಭುಜ ತಾಗಿಸಿ ನೇತಾಡುತ್ತವೆ. ಶನಿ ನಡುವೆ ಬಂದಿರುತ್ತಾನೆ. ಬಳೆ ಇರುವವನು ಮೂಲೆಯಲ್ಲಿದ್ದರೆ ಚೆನ್ನಾಗಿರುತ್ತಾ? ಗುರು, ಯುರೇನಸ್, ನೆಪ್ಚೂನ್‌ಗೂ ಬಳೆಗಳಿವೆ ಅಂತ ಬಲೂನು ಊದುತ್ತಲೇ ಹೇಳಲು ಹೋದವರಿಗೆ ಇನ್ನೊಂದು ಪ್ಯಾಕೆಟ್ ಬಲೂನು ಕೊಡಲಾಯಿತು.

ನಕ್ಷತ್ರಗಳದ್ದು ಇನ್ನೊಂದು ಕಥೆ. ಎಲ್ಲವಕ್ಕೂ ಐದೈದು ಮೂಲೆ. ಎಲ್ಲವೂ ಮಿಣಮಿಣ ಮಿನುಗಬೇಕು, ಅದಕ್ಕೆ ಸೀರಿಯಲ್ ಲೈಟು. ನಕ್ಷತ್ರ ಮಿನುಗುವ ಹಾಗೆ ಕಾಣುವುದು ನಡುವೆ ನಮ್ಮ ಗಾಳಿ ಅಲುಗಾಡುವುದರಿಂದ. ಗಾಳಿ ದಾಟಿ ಹೋದರೆ ಅವು ಕಣ್ಣು ಮಿಟುಕಿಸದೆ ನಿಂತಿರುತ್ತವೆ. ಚಂದ್ರನ ಮೇಲೆ ತೆಗೆದ ಹೆಚ್ಚಿನ ಅಪೊಲೊ ಫೋಟೋಗಳಲ್ಲಂತೂ ಆಕಾಶದಲ್ಲಿ ಒಂದು ಚುಕ್ಕಿಯೂ ಇಲ್ಲ. ಬಿಸಿಲಿಗೆ ಹೊಳೆಯುವ ನೆಲಕ್ಕೆ ಹೊಂದಿಸಿದ ಕ್ಯಾಮೆರಾಕ್ಕೆ ನಕ್ಷತ್ರದ ಸಣ್ಣ ಬೆಳಕು ಸಿಗಲಿಲ್ಲ, ಅಷ್ಟೆ. ಅಂದರೆ ಎಲ್ಲಕ್ಕಿಂತ ನಿಜವಾದ ಅಲಂಕಾರ ಬರೀ ಕಪ್ಪು ಬಟ್ಟೆ. ಅದನ್ನಷ್ಟೇ ಕಟ್ಟಿ ಕೂತರೆ "ಏನೂ ಕೆಲಸವೇ ಮಾಡಿಲ್ಲ" ಅಂತ ಅಲಂಕಾರ ಉಪಸಮಿತಿಯನ್ನು ಮರುದಿನವೇ ಬರಖಾಸ್ತು ಮಾಡುತ್ತಾರೆ.

ಇನ್ನು ವೇಷ. ಇಲ್ಲಿ ಸ್ವಲ್ಪ ನಿಲ್ಲೋಣ. ಪಾರ್ಟಿಯ ಜೀವ ಇರುವುದೇ ಇಲ್ಲಿ.

ಬಂದವರಲ್ಲಿ ಮುಕ್ಕಾಲು ಪಾಲು ಗಗನಯಾತ್ರಿಗಳು. ಮೈತುಂಬ ಬೆಳ್ಳಿ ಬಣ್ಣದ ಫಾಯಿಲ್. ತಲೆಗೆ ರಟ್ಟಿನ ಡಬ್ಬ, ಬೆನ್ನಿಗೆ ಎರಡು ಖಾಲಿ ಬಾಟಲಿ. ಈ ಬೆಳ್ಳಿ ಬಣ್ಣ ಎಲ್ಲಿಂದ ಬಂತು ಗೊತ್ತಾ? ಅಮೆರಿಕದ ಮೊದಲ ಗಗನಯಾತ್ರಿಗಳು ಮರ್ಕ್ಯುರಿ ಯೋಜನೆಯಲ್ಲಿ, 1961ರಿಂದ 1963ರವರೆಗೆ, ಬೆಳ್ಳಿಯಂತೆ ಹೊಳೆಯುವ ಉಡುಪು ಹಾಕಿದರು. ಅದರ ಮುಂದಿನ ಜೆಮಿನಿ ಯೋಜನೆಗೆ ಬರುವಷ್ಟರಲ್ಲಿ ಬಣ್ಣ ಬಿಳಿಯಾಗಿತ್ತು. ಬಾಹ್ಯಾಕಾಶ ಬೆಳ್ಳಿಯನ್ನು ಬಿಟ್ಟು ಅರವತ್ತು ವರ್ಷ ದಾಟಿದೆ. ಪಾರ್ಟಿಗಳು ಇನ್ನೂ ಬಿಟ್ಟಿಲ್ಲ.

ಆ ಬೆಳ್ಳಿ ಉಡುಪಿನ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಇನ್ನೊಂದು ಸಂಗತಿ ಸಿಗುತ್ತದೆ. 1961ರ ಮೇ 5ರಂದು ಅಲನ್ ಶೆಪರ್ಡ್ ಹೋಗಬೇಕಿದ್ದ ಹಾರಾಟ ಹದಿನೈದೇ ನಿಮಿಷದ್ದು. ಹದಿನೈದು ನಿಮಿಷಕ್ಕೆ ಯಾರಿಗೆ ಮೂತ್ರ ಬರುತ್ತೆ ಅಂತ ಅದರ ವ್ಯವಸ್ಥೆಯನ್ನೇ ಮಾಡಿರಲಿಲ್ಲ. ಹೊರಡುವುದು ಗಂಟೆಗಟ್ಟಲೆ ತಡವಾಯಿತು. ಕೊನೆಗೆ ಆ ಹೊಳೆಯುವ ಉಡುಪಿನೊಳಗೇ ಆಯಿತು. ಈಗ ನೌಕೆಯಿಂದ ಹೊರಗೆ ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬರಿಗೂ ಒಳಗೆ ಡೈಪರ್ ಇರುತ್ತದೆ. ನಮ್ಮ ವೇಷದ ಉಪಸಮಿತಿ ಮಾತ್ರ 1961ರಲ್ಲೇ ನಿಂತಿದೆ. ಫಾಯಿಲ್ ಸುತ್ತಿ, ಟೇಪು ಹಚ್ಚಿ, ಹಿಂದಿನಿಂದ ಗುಂಡುಸೂಜಿ ಚುಚ್ಚಿ ಮಗುವನ್ನು ಮುಚ್ಚಿಬಿಡುತ್ತಾರೆ. ಮುಖ್ಯ ಅತಿಥಿ ತಡವಾಗಿ ಬರುತ್ತಾರೆ. ಮಗು ಒಂದು ಕಾಲ ಮೇಲೆ ಕುಣಿಯುತ್ತಿರುತ್ತದೆ. "ನೋಡಿ, ತೂಕವಿಲ್ಲದ ಹಾಗೆ ಎಷ್ಟು ಚೆನ್ನಾಗಿ ನಟಿಸ್ತಾನೆ" ಅಂತ ಚಪ್ಪಾಳೆ ಬೇರೆ.

ಗುಂಡುಸೂಜಿ ಅಂದಾಗ ನೆನಪಾಯಿತು. ಚಂದ್ರನ ಮೇಲೆ ನಡೆದ ಅಪೊಲೊ ಉಡುಪನ್ನು ಹೊಲಿದದ್ದು ಹೆಂಗಸರ ಒಳಉಡುಪಿಗೆ ಹೆಸರಾಗಿದ್ದ ಕಂಪನಿ, ಇಂಟರ್‌ನ್ಯಾಷನಲ್ ಲೇಟೆಕ್ಸ್ ಕಾರ್ಪೊರೇಷನ್. ಹೊಲಿಗೆ ಯಂತ್ರದ ಮುಂದೆ ಕೂತವರು ಹೆಣ್ಣುಮಕ್ಕಳು. ಒಂದರ ಮೇಲೊಂದು 21 ಪದರ. ಹೊಲಿಗೆ ಒಂದು ಮಿಲಿಮೀಟರಿನಷ್ಟೂ ಆಚೀಚೆ ಆಗುವ ಹಾಗಿರಲಿಲ್ಲ. ಪದರಗಳ ನಡುವೆ ಗುಂಡುಸೂಜಿ ಉಳಿದಿದೆಯೋ ಅಂತ ಎಕ್ಸ್‌ರೇ ತೆಗೆದು ನೋಡುತ್ತಿದ್ದರು. ಒಂದು ಸೂಜಿ ಉಳಿದರೆ ಒಂದು ಜೀವ ಹೋದೀತು. ನಮ್ಮ ಪಾರ್ಟಿಯ ಉಡುಪಿಗೆ ಎಕ್ಸ್‌ರೇ ತೆಗೆದರೆ ಬರೀ ಸೂಜಿಗಳೇ ಕಾಣುತ್ತವೆ, ನಡುವೆ ಅಲ್ಲಲ್ಲಿ ಒಂದು ಮಗು.

ಹೇಳಿ, ಇಷ್ಟೆಲ್ಲ ಪಾರ್ಟಿಗಳಲ್ಲಿ ಆ ಹೊಲಿಗೆಯವಳ ವೇಷ ಹಾಕಿ ಬಂದವರನ್ನು ಯಾರಾದರೂ ನೋಡಿದ್ದೀರಾ? ಕುತ್ತಿಗೆಗೆ ಅಳತೆ ಟೇಪು, ಕೈಯಲ್ಲಿ ಕತ್ತರಿ, ಕಣ್ಣಿಗೆ ಕನ್ನಡಕ. ಎಲ್ಲ ಮನೆಯಲ್ಲೇ ಸಿಗುತ್ತೆ. ಬಂದರೆ ಏನಾಗುತ್ತದೆ ಅಂತಲೂ ಹೇಳುತ್ತೇನೆ. ಬಾಗಿಲಲ್ಲೇ ತಡೆದು, "ಥೀಮ್ ಬಾಹ್ಯಾಕಾಶದ್ದು ಕಣಮ್ಮ, ದರ್ಜಿ ವೇಷ ಮುಂದಿನ ಸಲ" ಅನ್ನುತ್ತಾರೆ. ಅನ್ನುವವರು ಫಾಯಿಲ್ ಹರಿದು ಬನಿಯನ್ ಕಾಣಿಸುತ್ತಿರುವ ಒಬ್ಬ ಗಗನಯಾತ್ರಿ.

ಎಲ್ಲರೂ ಗಗನಯಾತ್ರಿಗಳಾದರೆ ಇನ್ನೊಂದು ತೊಂದರೆ. ಡಬ್ಬದೊಳಗೆ ಯಾರಿದ್ದಾರೆ ಅಂತ ಗೊತ್ತಾಗುವುದಿಲ್ಲ. ಒಬ್ಬರ ಮಗುವನ್ನು ಇನ್ನೊಬ್ಬರು ಎತ್ತಿಕೊಂಡು ವೇದಿಕೆ ಹತ್ತಿಸುತ್ತಾರೆ. ಇದು ನಾಸಾಕ್ಕೂ ಆದ ತೊಂದರೆಯೇ. ಚಂದ್ರನ ಮೇಲೆ ಇಳಿದ ಮೊದಲ ಎರಡು ಯಾತ್ರೆಗಳ ಫೋಟೋಗಳಲ್ಲಿ ಯಾರು ಯಾರೆಂದು ಹೇಳುವುದು ಕಷ್ಟವಾಗಿ, ಆಮೇಲೆ ಕಮಾಂಡರನ ಉಡುಪಿಗೆ ಕೆಂಪು ಪಟ್ಟಿ ಹಾಕಿದರು. ನಮ್ಮ ಸಮಿತಿಯೂ ಕೆಂಪು ಪಟ್ಟಿ ಹಂಚಿತು. ಎಲ್ಲರಿಗೂ ಹಂಚಿತು. ಯಾರ ಮಗು ಕಮಾಂಡರ್ ಅಲ್ಲ ಅಂತ ಹೇಳುವ ಧೈರ್ಯ ಯಾವ ಉಪಸಮಿತಿಗೂ ಇರಲಿಲ್ಲ.

ಬಾಡಿಗೆ ಡ್ರೆಸ್ ತರುವವರಿಗೆ ಅಳತೆಯ ಗೋಳು. ಅಂಗಡಿಯವನ ಪ್ರಕಾರ ಒಂದೇ ಸೈಜ್ ಎಲ್ಲರಿಗೂ ಆಗುತ್ತದೆ. ನಗಬೇಡಿ. 2019ರ ಮಾರ್ಚ್‌ನಲ್ಲಿ ಇಬ್ಬರು ಮಹಿಳೆಯರು ಒಟ್ಟಿಗೆ ಅಂತರಿಕ್ಷ ನಿಲ್ದಾಣದ ಹೊರಗೆ ಇಳಿಯಬೇಕಿದ್ದುದು ತಪ್ಪಿಹೋಯಿತು. ಇಬ್ಬರಿಗೂ ಬೇಕಿದ್ದ ಮಧ್ಯಮ ಅಳತೆಯ ಮೇಲುಡುಪು ಒಂದೇ ಸಿದ್ಧವಿತ್ತು. ಕೊನೆಗೆ ಆ ಕೆಲಸ ಆದದ್ದು ಅಕ್ಟೋಬರಿನಲ್ಲಿ. ಅಲ್ಲಿಯವರು ಅಳತೆ ಆಗದಿದ್ದರೆ ಕಾರ್ಯಕ್ರಮ ಮುಂದೂಡುತ್ತಾರೆ. ಇಲ್ಲಿ ಮಗುವನ್ನು ಮಡಚುತ್ತಾರೆ.

ಗ್ರಹದ ವೇಷದವರೂ ಒಂದಷ್ಟು ಜನ. ಶುಕ್ರನ ಪಾತ್ರಕ್ಕೆ ಗುಲಾಬಿ ಬಟ್ಟೆ, ಮುತ್ತಿನ ಸರ. ನಿಜವಾದ ಶುಕ್ರನ ನೆಲದಲ್ಲಿ ಸೀಸ ಕರಗುವಷ್ಟು ಶಾಖ, 460 ಡಿಗ್ರಿಗೂ ಜಾಸ್ತಿ. ಮೇಲೆ ಗಂಧಕಾಮ್ಲದ ಮೋಡ. ಯುರೇನಸ್ ಅಡ್ಡಲಾಗಿ ಮಲಗಿಕೊಂಡೇ ತಿರುಗುವ ಗ್ರಹ. ಹಾಗಾಗಿ ಯುರೇನಸ್ ಆದ ಹುಡುಗ ವೇದಿಕೆಯ ಮೇಲೆ ಉರುಳಿದ, ನಿಜಕ್ಕೂ ಸರಿಯಾಗಿಯೇ ಉರುಳಿದ. ಶಿಸ್ತಿಲ್ಲ ಅಂತ ಅಂಕ ಕಳೆದರು. ಪ್ಲುಟೊ ಆದವನಿಗೆ ಸಮಾಧಾನಕರ ಬಹುಮಾನ. 2006ರಲ್ಲಿ ಅವನನ್ನು ಗ್ರಹಗಳ ಪಟ್ಟಿಯಿಂದ ಕೈಬಿಟ್ಟಿದ್ದೂ ಮತ ಹಾಕಿಯೇ, ಅಂದರೆ ಅದೂ ಒಂದು ಸಭೆಯ ಕೆಲಸ.

ತೀರ್ಪುಗಾರರು ತುಂಬ ಬಿಗಿಯಾದದ್ದು ಅನ್ಯಗ್ರಹ ಜೀವಿಗಳ ವಿಷಯದಲ್ಲಿ. ಈವರೆಗೆ ಯಾರ ಕಣ್ಣಿಗೂ ಬೀಳದ ಪ್ರಾಣಿ ಅದು. ಆದರೂ ನೀಲಿ ಬಣ್ಣ ಬಳಿದುಕೊಂಡು ಬಂದ ಹುಡುಗಿಗೆ "ಏಲಿಯನ್ ಹೀಗಿರಲ್ಲಮ್ಮ, ಹಸಿರಾಗಿರುತ್ತೆ, ತಲೆ ಮೇಲೆ ಎರಡು ಕೊಂಬಿರುತ್ತೆ" ಅಂತ ತಿದ್ದಿ ಕಳಿಸಿದರು.

ಹೊಳೆಯುವ ಗ್ಲಿಟರ್ ಪುಡಿಯ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಅದನ್ನು ಎಲ್ಲರ ಮೇಲೂ ಎರಚಿದ್ದರು. ಬಟ್ಟೆಗೆ, ಕೂದಲಿಗೆ, ಮುಖ್ಯ ಅತಿಥಿಯ ಹುಬ್ಬಿಗೆ. ಇಡೀ ಕಾರ್ಯಕ್ರಮದಲ್ಲಿ ಚಂದ್ರನಿಗೆ ಸ್ವಲ್ಪವಾದರೂ ಹತ್ತಿರವಾದದ್ದು ಇದೊಂದೇ. 1972ರಲ್ಲಿ ಅಪೊಲೊ 17ರಲ್ಲಿ ಹೋದ ಹ್ಯಾರಿಸನ್ ಷ್ಮಿಟ್ ಉಡುಪಿಗೆ ಮೆತ್ತಿಕೊಂಡು ಒಳಬಂದ ಚಂದ್ರನ ಧೂಳಿಗೆ ಮೂಗು ಕಟ್ಟಿ ಒದ್ದಾಡಿದ್ದರು. ನಮ್ಮವರೂ ಮೂರು ದಿನ ಸೀನಿದರು.

ಹೀಲಿಯಂ ಬಲೂನಿಗೂ ಒಂದು ನಮಸ್ಕಾರ ಸಲ್ಲಬೇಕು. ಈ ಅನಿಲದ ಗುರುತು ಮೊದಲು ಸಿಕ್ಕಿದ್ದು ಸೂರ್ಯನ ಬೆಳಕಿನಲ್ಲಿ, 1868ರಲ್ಲಿ. ಭೂಮಿಯ ಮೇಲೆ ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಕೈಗೆ ಸಿಕ್ಕಿದ್ದು 1895ರಲ್ಲಿ. ಬಲೂನು ಒಡೆದರೆ ಅದು ನಿಧಾನವಾಗಿ ವಾತಾವರಣ ದಾಟಿ ನಿಜವಾದ ಬಾಹ್ಯಾಕಾಶಕ್ಕೇ ಹೋಗಿ ಸೇರುತ್ತದೆ. ಹಾಲ್‌ನಲ್ಲಿದ್ದವರ ಪೈಕಿ ಅಲ್ಲಿಗೆ ಹೋಗುವ ಯೋಗ್ಯತೆ ಇದ್ದದ್ದು ಅದಕ್ಕೆ ಮಾತ್ರ. ಅದನ್ನೂ ಕಾರ್ಯದರ್ಶಿಗಳು ಎಳೆದುಕೊಂಡು ಬಾತುಕೋಳಿ ದನಿಯಲ್ಲಿ ಸ್ವಾಗತ ಭಾಷಣ ಮಾಡಿದರು.

ಭಾಷಣಗಳು ಇದ್ದವು. ಸದ್ದೇ ಇಲ್ಲದ ಲೋಕದ ಬಗ್ಗೆ ನಾಲ್ಕು ಸ್ಪೀಕರ್ ಇಟ್ಟು ಮಾತಾಡಿದರು. ಇಂಥ ಕಾರ್ಯಕ್ರಮಗಳಿಂದ ಮಕ್ಕಳಲ್ಲಿ ವೈಜ್ಞಾನಿಕ ಮನೋಭಾವ ಬೆಳೆಯುತ್ತದೆ ಅಂತ ಮುಖ್ಯ ಅತಿಥಿ ಹೇಳುವಾಗ ಒಂದು ಮಗು, ಎಲ್ಲಾ ಗ್ರಹಗಳೂ ಇಷ್ಟು ಹತ್ತಿರ ಇದ್ದರೆ ಡಿಕ್ಕಿ ಹೊಡೆಯಲ್ವಾ ಅಂತ ಕೇಳಿತು. ಮಗುವನ್ನು ಹೊರಗೆ ಕರೆದುಕೊಂಡು ಹೋಗಿ ಬಲೂನು ಊದುವವರ ಪಕ್ಕ ಕೂರಿಸಿದರು. ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತಂತೆ.

ಕೊನೆಗೆ ಲೆಕ್ಕಪತ್ರದ ಸಭೆ. ಉಳಿದದ್ದು ಒಂದು ರಾಶಿ ಫಾಯಿಲ್, ಇಪ್ಪತ್ತು ರಟ್ಟಿನ ಹೆಲ್ಮೆಟ್, ಎಣಿಸಲಾಗದಷ್ಟು ಖಾಲಿ ಬಾಟಲಿ. ಎಸೆಯಲು ಯಾರಿಗೂ ಮನಸ್ಸಿಲ್ಲ. ಆಗ ಅಧ್ಯಕ್ಷರಿಗೆ ಹೊಳೆಯಿತು: ಮುಂದಿನ ವರ್ಷದ ಥೀಮ್ 'ಸಮುದ್ರದ ಆಳ'. ಇದೇ ಡ್ರೆಸ್, ಇದೇ ಬಾಟಲಿ, ಗಗನಯಾತ್ರಿಗಳೆಲ್ಲ ಮುಳುಗುಗಾರರು. ರಾಕೆಟ್ಟಿಗೆ ಬಾಲ ಅಂಟಿಸಿದರೆ ತಿಮಿಂಗಿಲ. ಆಕಾಶದವರನ್ನು ನೀರಿಗೆ ಹಾಕುವುದೇ ಅಂತ ಒಂದಿಬ್ಬರು ಗೊಣಗಿದರು. ನಾಸಾದವರು ತಮ್ಮ ಗಗನಯಾತ್ರಿಗಳಿಗೆ ನೌಕೆಯ ಹೊರಗಿನ ಕೆಲಸ ಕಲಿಸುವುದು ಹ್ಯೂಸ್ಟನ್ನಿನ 12 ಮೀಟರ್ ಆಳದ ಕೊಳದಲ್ಲಿ, ಪೂರ್ತಿ ಉಡುಪು ತೊಡಿಸಿ ನೀರಿಗೆ ಇಳಿಸಿಯೇ. ಒಟ್ಟು ಯೋಜನೆಯಲ್ಲಿ ವಿಜ್ಞಾನಕ್ಕೆ ಒಪ್ಪುವ ಮಾತು ಅಂತ ಬಂದದ್ದು ಇದೊಂದೇ, ಅದೂ ಫಾಯಿಲ್ ಉಳಿಸುವ ಆಸೆಗೆ. ವಿಜ್ಞಾನ ಓದಿದವರು ಇದನ್ನು ಹೇಳಲು ಕೈ ಎತ್ತಿದರು. ಅಧ್ಯಕ್ಷರು ಅವರ ಕೈಗೆ ಅಂಟಿನ ಬಾಟಲಿ ಕೊಟ್ಟು, "ಬಾಲದ ಕೆಲಸ ನಿಮಗೇ ಸರ್" ಅಂದರು.